ಮೂರು ಗ್ಲಾಸು, ಒಂದೇ ದ್ರಾಕ್ಷಿ

ಸಿಕಂದರಾಬಾದಿನ ಹೋಟೆಲೊಂದರಲ್ಲಿ ನಾನು ವೇಟರ್. ಊರು ವಿಜಯಪುರದ ಕಡೆ. ವೈನ್ ಬಡಿಸುತ್ತೇನೆ, ಕುಡಿಯುವುದಿಲ್ಲ, ಕೊರಳಲ್ಲಿ ಲಿಂಗವಿದೆ.

ಅವತ್ತು ಬೆಂಗಳೂರಿನ ಮೇಡಂ ಒಬ್ಬರು ಅತಿಥಿಗಳಿಗೆ ವೈನ್ ರುಚಿ ನೋಡುವುದನ್ನು ಕಲಿಸುತ್ತಿದ್ದರು. ಮೂರು ವೈನ್, ಮೂರೂ ಶಿರಾಜ್ ಎಂಬ ಒಂದೇ ತಳಿಯ ದ್ರಾಕ್ಷಿಯವು: ನಾಸಿಕ್, ನಂದಿಬೆಟ್ಟ, ವಿಜಯಪುರದವು. ಮಣ್ಣು, ಹವೆ, ಮಾಡುವವರ ಕೈ ಬದಲಾದರೆ ರುಚಿಯೇ ಬೇರೆ ಅನ್ನುವುದು ಅವರ ಪಾಠ. ಒಳಗೇ ಗ್ಲಾಸುಗಳಿಗೆ ಸುರಿದು ತಂದ ನಾನು ಯಾವುದು ಎಲ್ಲಿಯದೆಂಬುದನ್ನೇ ಮರೆತಿದ್ದೆ. ನನ್ನ ಕಣ್ಣಿಗೆ ಮೂರೂ ಕೆಂಪು.

"ವಿಜಯಪುರದ್ದು ಯಾವುದು?" ಎಂದರು ಮೇಡಂ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ಒಂದೊಂದನ್ನೇ ಮೂಸಿದೆ. ಮೂರನೆಯದಕ್ಕೆ ಮೂಗಿಟ್ಟರೆ, ಅಪ್ಪ ದ್ರಾಕ್ಷಿ ಒಣಗಿಸುವ ಶೆಡ್ಡಿನೊಳಗೇ ಹೊಕ್ಕಂತಾಯಿತು.

"ಇದ ನಮ್ಮ ಕಡೀದ್ರಿ. ಒಣದ್ರಾಕ್ಷಿ ವಾಸನಿ ಐತಿ."

ಅವರು ಒಂದು ಗುಟುಕು ಬಾಯಲ್ಲಿ ಹೊರಳಿಸಿದರು. "ನಿಜ. ಹಣ್ಣು ಬಿಸಿಲಿಗೆ ಬಳ್ಳಿಯಲ್ಲೇ ಸುಕ್ಕಾಗುವವರೆಗೂ ಕಾದು ಕಿತ್ತಿದ್ದಾರೆ. ಕುಡಿಯದೇ ಹೇಗೆ ಹೇಳಿದಿರಿ?"

"ಆ ಬಿಸಲಾಗ ನಾನೂ ಬೆಳದೀನ್ರಿ."

ಅತಿಥಿಗಳು ಚಪ್ಪಾಳೆ ತಟ್ಟಿದರು. ನಾನು ಎದೆಯುಬ್ಬಿಸಿ ನಿಂತೆ.

"ಹಾಗಾದರೆ ನಾಸಿಕ್‌ನದು ಯಾವುದು?"

"ಅದನ್ನ ನೀವ ಹೇಳ್ರಿ ಮೇಡಂ. ಉಳಿದ ಎರಡೂ ನನಗ ಒಂದ ನಮೂನಿ."