ಬಕೆಟ್ ಡಾಕ್ಟ್ರು ಕಲಿಸುವ ಎರಡು ಪ್ರಶ್ನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಔಷಧಿ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಹೆಂಗಸರ ಕ್ಲಿನಿಕ್ಕಿನ ಹಜಾರ. ಗೋಡೆಗೆ ಒಂದು ಉದ್ದನೆಯ ಬೆಂಚು, ಮೂಲೆಯಲ್ಲಿ ತೂಕದ ಯಂತ್ರ, ಎದುರಿಗೆ ಡಾಕ್ಟರ ಕೋಣೆಯ ಮುಚ್ಚಿದ ಬಾಗಿಲು. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತ ಹೆಂಗಸೊಬ್ಬರು ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತ, ಒರೆಸಿದಷ್ಟೂ ಹಿಂದಕ್ಕೆ ಸರಿಯುತ್ತ, ಗಡಸು ದನಿಯಲ್ಲಿ ಕೇಳುತ್ತಿದ್ದಾರೆ:

"ಹೇಳಮ್ಮ, ಏನು ತೊಂದರೆ? ಬೇಗ ಹೇಳು, ಹೊರಗೆ ಸಾಲಿದೆ."

ಬೆಂಚಿನ ತುದಿಯಲ್ಲಿ ಕೂತಿರುವುದು ಬಿಸ್ಕತ್ತು ಕಾರ್ಖಾನೆಯ ಕೆಲಸದಾಕೆ. ಕೈಚೀಲದ ಹಿಡಿಯನ್ನು ತಿರುವುತ್ತಾಳೆ. "ಅದು ಡಾಕ್ಟ್ರೇ... ಮಾತ್ರೆ..."

"ಯಾವ ಮಾತ್ರೆ? ತಲೆನೋವಿಂದಾ, ಹಲ್ಲುನೋವಿಂದಾ?"

"ಮಕ್ಕಳಾಗದ ಹಾಗೆ ತಗೊಳ್ಳೋದು."

"ಹಾಂ, ಅದಕ್ಕೇನೀಗ?"

"ತುಂಬಾ ದುಬಾರಿ ಆಗಿದೆ. ಇದೇ ಔಷಧಿ ಬೇರೆ ಕಂಪನಿದು, ಕಡಿಮೆ ಬೆಲೆದು ಇದ್ರೆ ಬರ್ಕೊಡ್ತೀರಾ?"

"ಇಷ್ಟು ಹೇಳೋಕೆ ಇಷ್ಟೊಂದು ಬೆವರಾ? ಸರಿ, ಪಾಸು. ಕಾಲೆತ್ತು, ಕೆಳಗೆ ಒರೆಸ್ಬೇಕು."

ಬೆಂಚಿನುದ್ದಕ್ಕೂ ನಗು. ಎಲ್ಲರ ಕಾಲುಗಳೂ ಒಟ್ಟಿಗೆ ಮೇಲೇಳುತ್ತವೆ. ಒದ್ದೆ ಬಟ್ಟೆ ಸರ್ರನೆ ಅಡಿಯಿಂದ ಹಾದುಹೋಗುತ್ತದೆ.

ಈ ಹೆಂಗಸು ಕ್ಲಿನಿಕ್ಕಿನ ಆಯಾ. ಬಾಗಿಲು ತೆರೆಯುವುದು, ನೆಲ ಒರೆಸುವುದು, ಟೋಕನ್ ಕೊಟ್ಟು ಒಬ್ಬೊಬ್ಬರನ್ನೇ ಒಳಗೆ ಕಳಿಸುವುದು, ಇಷ್ಟು ಅವರ ಕೆಲಸ. ಸಂಬಳ ಇಷ್ಟಕ್ಕೇ. ಆದರೆ ಇಲ್ಲಿಗೆ ಬರುವ ಹೆಂಗಸರು ಅವರನ್ನು ಕರೆಯುವುದು 'ಬಕೆಟ್ ಡಾಕ್ಟ್ರು' ಎಂದು. ಒಳಗಿನ ಡಾಕ್ಟರ ಮುಂದೆ ಬಾಯಿ ಬಿಡುವ ಮೊದಲು ಹೊರಗಿನ ಈ ಡಾಕ್ಟರ ಮುಂದೆ ಬಾಯಿ ಬಿಟ್ಟು ನೋಡಬೇಕು. ಅದು ಇಲ್ಲಿನ ರೂಢಿ.

ವಿಷಯ ಸಣ್ಣದೇ. ಒಂದೇ ಔಷಧಿಯನ್ನು ಹಲವು ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಬೆಲೆಗೆ ಮಾರುತ್ತವೆ. ಡಾಕ್ಟರು ತಮ್ಮ ಕೈಗೆ ಅಭ್ಯಾಸವಾದ ಹೆಸರನ್ನು ಬರೆಯುತ್ತಾರೆ. ಕೆಳಗಿನ ಅಂಗಡಿಯವರು ಚೀಟಿಯಲ್ಲಿ ಇದ್ದದ್ದನ್ನೇ ಕೊಡುತ್ತಾರೆ. ಕೇಳಿದರೆ ಡಾಕ್ಟರು ಅಗ್ಗದ ಹೆಸರನ್ನು ಬರೆದುಕೊಡುತ್ತಾರೆ. ಕೇಳುವವರು ಮಾತ್ರ ಇಲ್ಲ.

"ಈ ಮಾತ್ರೆ ವಿಷಯ ಎತ್ತೋದೇ ಒಂದು ನಾಚಿಕೆ. ಅದರ ಮೇಲೆ ದುಡ್ಡು ಸಾಲಲ್ಲ ಅನ್ನೋದು ಇನ್ನೊಂದು ನಾಚಿಕೆ. ಎರಡನ್ನೂ ಒಟ್ಟಿಗೆ ಹೊತ್ಕೊಂಡು ಆ ಬಾಗಿಲು ದಾಟೋಕೆ ಆಗಲ್ಲಮ್ಮ. ಒಂದನ್ನಾದ್ರೂ ಇಲ್ಲಿ ಬೆಂಚಿನ ಮೇಲೆ ಇಳಿಸಿ ಹೋಗ್ಲಿ ಅಂತ," ಎನ್ನುತ್ತಾರೆ ಆಯಾ, ಇದನ್ನು ಬರೆಯಲೆಂದು ಬಂದ ನನ್ನ ಕಡೆ ತಿರುಗಿ, ಬಟ್ಟೆ ಹಿಂಡುತ್ತ.

ಇದನ್ನು ಅವರು ತಮ್ಮ ಅನುಭವದಿಂದಲೇ ಕಲಿತದ್ದು. ಎರಡು ಹೆಣ್ಣುಮಕ್ಕಳಾದ ಮೇಲೆ ಅವರೂ ಇದೇ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಗಂಡ ಸರಕಿನ ಲಾರಿ ಓಡಿಸುವವನು, ದುಡಿಮೆ ಒಂದು ವಾರ ಇದ್ದರೆ ಇನ್ನೊಂದು ವಾರ ಇಲ್ಲ. ಅಗ್ಗದ್ದೂ ಉಂಟು, ಡಾಕ್ಟರ ಹತ್ತಿರ ಬರೆಸಿಕೊಂಡು ಬನ್ನಿ ಎಂದು ಅಂಗಡಿಯವನು ಹೇಳಿದ. ಡಾಕ್ಟರು ದಿನವೂ ಎದುರಿಗೇ ಇರುತ್ತಿದ್ದರು. ಅವರ ಮೇಜು ಒರೆಸುವುದೂ, ಅವರ ಲೋಟ ತೊಳೆಯುವುದೂ ಇವರೇ. ಆದರೂ ಬಾಯಿ ಬರಲಿಲ್ಲ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಬಕೆಟ್ಟಿನ ಮುಂದೆ ಹೇಳಿ ಹೇಳಿ ಅಭ್ಯಾಸ ಮಾಡಿದರು.

"ಬಕೆಟ್ ಪಾಪ, ಎಲ್ಲದಕ್ಕೂ ಸುಮ್ಮನೆ ಇರ್ತಿತ್ತು. ಕೊನೆಗೆ ಒಂದಿನ ಕಣ್ಣು ಮುಚ್ಕೊಂಡು ಕೇಳಿಬಿಟ್ಟೆ. ಡಾಕ್ಟ್ರು ತಲೆ ಕೂಡ ಎತ್ತಲಿಲ್ಲ. 'ಮೊದಲೇ ಹೇಳ್ಬಾರ್ದಿತ್ತಾ' ಅಂತ ಬರೆದು ಕೊಟ್ರು. ಅರ್ಧ ನಿಮಿಷದ ಕೆಲಸಕ್ಕೆ ಅರ್ಧ ವರ್ಷ ಹೆದರಿದ್ದೆ ನಾನು!"

ಅಂದಿನಿಂದ ಬೆಂಚಿನ ಮೇಲೆ ಕೂತು ಕೈಚೀಲದ ಹಿಡಿ ತಿರುವುವ ಹೆಂಗಸನ್ನು ಕಂಡರೆ ಅವರಿಗೆ ಗುರುತು ಸಿಗುತ್ತದೆ. ಕಲಿಸುವುದು ಎರಡೇ ಪ್ರಶ್ನೆ. ಇದೇ ಔಷಧಿ ಕಡಿಮೆ ಬೆಲೆಯದ್ದು ಇದೆಯಾ? ನನಗೆ ಒಗ್ಗುತ್ತಿದ್ದರೆ ಮೂರು ತಿಂಗಳಿಗೆ ಒಟ್ಟಿಗೆ ಬರೆಯಬಹುದಾ? ಎರಡನೆಯದರಿಂದ ತಿಂಗಳು ತಿಂಗಳೂ ಡಾಕ್ಟರ ಫೀಸು ತಪ್ಪುತ್ತದೆ, ಕೆಲಸಕ್ಕೆ ರಜೆ ಹಾಕುವುದೂ ತಪ್ಪುತ್ತದೆ. ಬಿಡುವಿದ್ದವರಿಗೆ, ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿ ಸಿಗುತ್ತದೆಯೋ ವಿಚಾರಿಸಿ ಎಂದೂ ಹೇಳುತ್ತಾರೆ. ಆದರೆ ಯಾವ ಔಷಧಿಯ ಹೆಸರನ್ನೂ ಅಪ್ಪಿತಪ್ಪಿಯೂ ಎತ್ತುವುದಿಲ್ಲ.

"ಹೆಸರು ನನ್ನ ಬಾಯಲ್ಲಿ ಬಂದ್ರೆ ನಾನು ನಿಜವಾಗ್ಲೂ ಡಾಕ್ಟ್ರಾಗ್ಬಿಡ್ತೀನಿ. ಒಬ್ಬಳಿಗೆ ಆಗೋದು ಇನ್ನೊಬ್ಬಳಿಗೆ ಆಗಲ್ಲ. ಬಿ.ಪಿ. ಇರೋರು ಇರ್ತಾರೆ, ಸಿಗರೇಟು ಸೇದೋರು ಇರ್ತಾರೆ. ಅದೆಲ್ಲ ಒಳಗಿನವರ ಲೆಕ್ಕ. ನಂದು ಬಾಗಿಲವರೆಗೆ ಮಾತ್ರ."

ಮನೆಯಲ್ಲಿ ಕಿರಿಮಗಳು ಇವರನ್ನು ಆಡಿಕೊಳ್ಳುತ್ತಾಳೆ. ಅಮ್ಮ ನಾಟಕದ ಕಂಪನಿ ಸೇರಬೇಕಿತ್ತು, ದಾರಿ ತಪ್ಪಿ ಪೊರಕೆ ಹಿಡಿದಳು ಎನ್ನುತ್ತಾಳಂತೆ. ಡಾಕ್ಟರ ದನಿಯ ಅನುಕರಣೆ ಅಷ್ಟು ಚೆನ್ನಾಗಿದೆ. ಗಂಟಲಲ್ಲಿ ಕನ್ನಡಕ ಸಿಕ್ಕಿಕೊಂಡ ಹಾಗೆ ಮಾತಾಡಬೇಕು, ಅಷ್ಟೇ, ಎಂದು ನನಗೂ ಹೇಳಿಕೊಟ್ಟರು. ನನಗೆ ಬರಲಿಲ್ಲ.

ಆ ಬೆಳಿಗ್ಗೆ ಮೆಟ್ಟಿಲ ಬಳಿ ನಿಂತಿದ್ದಾಗ ಇನ್ನೊಂದು ಸಂಗತಿ ಕಂಡಿತು. ಡಾಕ್ಟರು ಬಂದಿದ್ದರು. ಎತ್ತರದ, ನರೆಗೂದಲಿನ, ಮುಖ ಗಂಟಿಕ್ಕಿದ ಹೆಂಗಸು. ಮೇಲಿನಿಂದ ತಮ್ಮದೇ ದನಿ ಕೇಳಿಬಂದದ್ದೇ ತಡ, ಅರ್ಧ ಮೆಟ್ಟಿಲಲ್ಲಿ ನಿಂತರು. ಬ್ಯಾಗು ತೆರೆದು ಏನೋ ಹುಡುಕತೊಡಗಿದರು. ಪೆನ್ನು ಕೈಯಲ್ಲೇ ಇತ್ತು, ಬೀಗದ ಕೈ ಬೆರಳಲ್ಲೇ ತೂಗುತ್ತಿತ್ತು. ಮೇಲೆ ನಗು ಅಡಗಿ, ಬಟ್ಟೆ ಹಿಂಡಿದ ಸದ್ದು ಕೇಳಿದ ಮೇಲೆಯೇ ಬ್ಯಾಗು ಮುಚ್ಚಿ, ಜೋರಾಗಿ ಕೆಮ್ಮಿ, ಹತ್ತಿದರು. ದಿನವೂ ಹೀಗೆಯೇ ಇರಬೇಕು. ಆಯಾ ಈ ಗುಟ್ಟನ್ನು ಅರಿತಿಲ್ಲ ಎಂದುಕೊಂಡೆ. ಆಮೇಲೆ ಕೇಳಿದಾಗ ಅವರು ನಕ್ಕು, "ಅವರು ಬ್ಯಾಗು ತೆರೆಯೋ ಸದ್ದು ಕೇಳಿದ್ಮೇಲೇನೇ ನಾನು ಪಾಠ ಮುಗಿಸೋದು" ಎಂದರು.

ಡಾಕ್ಟರು ಬರುವ ಮೊದಲು ಪಾಠಕ್ಕೆ ಕೂತವರಲ್ಲಿ ಇನ್ನೊಬ್ಬ ತರುಣಿ ಇದ್ದಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮುಂಗೈ ಮೇಲೆ ಸುಟ್ಟ ಗುರುತು, ಮೈಯಿಂದ ಬಿಸಿ ಬಟ್ಟೆಯ ವಾಸನೆ. ತನ್ನ ಕಥೆ ಬರೆಯಿರಿ, ನಮ್ಮಂಥವರಿಗೆ ಉಪಯೋಗವಾಗಲಿ ಎಂದು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಮಗುವಿಗೆ ಈಗಷ್ಟೇ ಎರಡು ತುಂಬಿದೆ. ಲಾಂಡ್ರಿಯ ಯಜಮಾನಿ ಇನ್ನೊಂದು ಅಂಗಡಿ ತೆರೆಯುತ್ತಿದ್ದಾಳೆ. ಅದನ್ನು ನೋಡಿಕೊಳ್ಳುವ ಕೆಲಸ ಇವಳಿಗೇ ಎಂದು ಮಾತಾಗಿದೆ. ಈ ಹೊತ್ತಿನಲ್ಲಿ ಇನ್ನೊಂದು ಮಗುವಾದರೆ ಅಂಗಡಿ ಬೇರೆಯವಳ ಪಾಲು. ಎರಡು ಸಲ ಬಂದು, ಡಾಕ್ಟರ ಮುಂದೆ ಕೂತು, "ಏನಿಲ್ಲ ಡಾಕ್ಟ್ರೇ" ಎಂದು ಅದೇ ದುಬಾರಿ ಚೀಟಿ ಹಿಡಿದು ವಾಪಸಾಗಿದ್ದಾಳೆ.

"ಇದು ಮೂರನೇ ಸಲ. ಇವತ್ತೂ ಕೇಳದೆ ಬಂದ್ರೆ ಈ ಬಕೆಟ್ ನೀರು ನಿನ್ನ ತಲೆ ಮೇಲೆ," ಎಂದು ಆಯಾ ಗದರಿದರು.

"ಬಿಸಿನೀರಾದ್ರೆ ಸುರೀರಿ ಅಕ್ಕ, ಚಳಿ ಇದೆ."

"ನಾಲಿಗೆ ಇಲ್ಲಿ ಚೆನ್ನಾಗೇ ಓಡುತ್ತೆ! ಒಳಗೆ ಹೋದ್ರೆ ಎಲ್ಲಿ ಅಡಗುತ್ತೆ?" ಆಮೇಲೆ ದನಿ ಗಡಸಾಯಿತು. "ಹೂಂ, ಹೇಳಮ್ಮ. ಮಾತ್ರೆ ದಿನಾ ತಪ್ಪದೆ ತಗೋತಿದ್ದೀಯಾ?"

ಇದು ಡಾಕ್ಟರು ಎಲ್ಲರಿಗೂ ಕೇಳುವ ಪ್ರಶ್ನೆ. ಹೂಂ ಎಂದು ಮುಂದೆ ಹೋಗುವುದು ಎಲ್ಲರ ವಾಡಿಕೆ. ನಾಟಕವೇ ತಾನೆ ಎಂಬ ಧೈರ್ಯಕ್ಕೋ ಏನೋ, ಇಸ್ತ್ರಿಯವಳ ಬಾಯಿಂದ ನಿಜ ಹೊರಬಿತ್ತು.

"ಇಲ್ಲ. ದಿನ ಬಿಟ್ಟು ದಿನ."

ನೆಲದ ಮೇಲಿನ ಬಟ್ಟೆ ನಿಂತಿತು.

"ಒಂದು ಪ್ಯಾಕೆಟ್ ಎರಡು ತಿಂಗಳು ಬರ್ಲಿ ಅಂತ," ಅವಳು ಮೆಲ್ಲಗೆ ಸೇರಿಸಿದಳು. "ಬೆಲೆ ಏರಿದಾಗಿಂದ. ಅತ್ತಿಗೆನೂ ಹಾಗೇ ಮಾಡ್ತಾಳಂತೆ, ಅವಳಿಗೆ ಏನೂ ಆಗಿಲ್ಲ."

ಆಯಾ ಎದ್ದು ಬಂದು ಅವಳ ಪಕ್ಕ ಕೂತರು. ಈಗ ದನಿ ಅವರದ್ದೇ. "ಅರ್ಧ ಬಾಗಿಲು ಹಾಕಿ ಬೀಗ ಹಾಕ್ದೆ ಅಂದ್ರೆ ಆಗುತ್ತೇನೇ? ಕಡಿಮೆ ಮಾಡ್ಬೇಕಾದ್ದು ಬೆಲೆನ, ಮಾತ್ರೆನಲ್ಲ. ಅತ್ತಿಗೆ ವಿಷಯ ಅತ್ತಿಗೆಗೆ. ಇದನ್ನ ನನಗೆ ಹೇಳ್ದೆಯಲ್ಲ, ಹಾಗೇ ಅಲ್ಲೂ ಹೇಳು. ಎಲ್ಲಕ್ಕಿಂತ ಮೊದಲು ಇದನ್ನೇ ಹೇಳು. ಬೈತಾರೆ, ಬೈಸ್ಕೋ."

ಅವಳ ಟೋಕನ್ ಐದನೆಯದು. ಒಂದನೇ ಟೋಕನ್ ಇದ್ದ ಬಿಸ್ಕತ್ತು ಕಾರ್ಖಾನೆಯಾಕೆ ತನ್ನದನ್ನು ಅವಳ ಕೈಗಿಟ್ಟು, ಅವಳದನ್ನು ತಾನು ತೆಗೆದುಕೊಂಡಳು. ಆ ದಿನ ಕಾರ್ಖಾನೆಯ ಗೇಟಿಗೆ ತಾನು ತಡವಾಗುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು.

ಡಾಕ್ಟರು ಬಂದರು, ಇಸ್ತ್ರಿಯವಳು ಒಳಗೆ ಹೋದಳು, ಬಾಗಿಲು ಮುಚ್ಚಿತು. ಹೊರಗೆ ಆಯಾ ಆಗಲೇ ಒರೆಸಿದ್ದ ಜಾಗವನ್ನೇ ಮತ್ತೆ ಒರೆಸಿದರು, ಮತ್ತೆ ಒರೆಸಿದರು. ಬೆಂಚಿನವರು ಹೇಳದೆಯೇ ಕಾಲೆತ್ತಿದರು. ಸ್ವಲ್ಪ ಹೊತ್ತಿಗೆ ಅವಳು ಬಸಿರು ಪರೀಕ್ಷೆಯ ಪುಟ್ಟ ಡಬ್ಬಿ ಹಿಡಿದು ಬಚ್ಚಲಿನ ಕಡೆ ಹೋದಳು, ಯಾರ ಮುಖವನ್ನೂ ನೋಡದೆ ಮರಳಿ ಒಳಗೆ ಹೋದಳು.

ಮತ್ತೆ ಬಾಗಿಲು ತೆರೆದಾಗ ಅವಳ ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು.

"ಸದ್ಯಕ್ಕೆ ಏನೂ ಇಲ್ಲ ಅಂದ್ರು. ಎರಡು ವಾರ ಬಿಟ್ಟು ಇನ್ನೊಂದು ಸಲ ನೋಡ್ಬೇಕಂತೆ. ಅಲ್ಲಿವರೆಗೆ ಹೇಗಿರ್ಬೇಕು ಅಂತನೂ ಹೇಳಿದಾರೆ."

"ಬೈದ್ರಾ?"

"ಚೆನ್ನಾಗಿ ಬೈದ್ರು. ನೀವು ಹೇಳ್ಕೊಟ್ಟಿದ್ರಲ್ಲ, ಒಂದೂ ಸಾಲಾಗಿ ಬರ್ಲಿಲ್ಲ ಅಕ್ಕ. ಮೂರು ತಿಂಗಳ ಪ್ರಶ್ನೆ ಮೊದಲು ಬಂತು, ಬೆಲೆ ಪ್ರಶ್ನೆ ಆಮೇಲೆ ಬಂತು, ಮಧ್ಯೆ ಅಳು ಬಂತು."

"ಬಂತಲ್ಲ, ಸಾಕು. ಚೀಟಿ ತೋರ್ಸು." ಆಯಾ ಚೀಟಿಯನ್ನು ಒದ್ದೆ ಕೈಯಲ್ಲಿ ಮುಟ್ಟದೆ, ದೂರದಿಂದಲೇ ನೋಡಿದರು. ಹೆಸರು ಬೇರೆಯಾಗಿತ್ತು. ಪರೀಕ್ಷೆ ಮುಗಿದ ಮೇಲೆ ಶುರು ಮಾಡಲು, ಮೂರು ತಿಂಗಳಿಗೆ. ಕೆಳಗಿನ ಅಂಗಡಿಯಲ್ಲಿ ವಿಚಾರಿಸಿದರೆ, ಹಳೆಯ ಒಂದು ಪ್ಯಾಕೆಟ್ಟಿನ ದುಡ್ಡಿಗೆ ಇದು ಮೂರು ಬರುತ್ತದೆ, ಬಸ್ಸಿಗಾಗುವಷ್ಟು ಚಿಲ್ಲರೆಯೂ ಮಿಗುತ್ತದೆ.

ಡಾಕ್ಟರನ್ನು ಒಂದು ನಿಮಿಷ ಮಾತಾಡಿಸಿದೆ. "ನಾನು ರೋಗ ಕೇಳ್ತೀನಿ, ಪರ್ಸು ಕೇಳೋದು ಮರೆತುಹೋಗುತ್ತೆ," ಎಂದರು. "ಈಗೀಗ ಚೀಟಿ ಬರೆಯುವಾಗ ನಾನೇ ಕೇಳೋಕೆ ಶುರು ಮಾಡಿದೀನಿ. ಆದ್ರೂ ಅವರೇ ಕೇಳಿದ್ರೆ ಚೆನ್ನ. ಬೆಲೆ ಕೇಳೋಕೆ ಬಾಯಿ ಬಂದವಳು ಉಳಿದದ್ದನ್ನೂ ಹೇಳ್ತಾಳೆ." ಮೆಟ್ಟಿಲ ಮೇಲಿನ ಬ್ಯಾಗಿನ ವಿಷಯ ನಾನು ಎತ್ತಲಿಲ್ಲ.

ಎರಡು ವಾರದ ಮೇಲೆ ಮತ್ತೆ ಹೋದೆ. ಅದೇ ನಸುಕು, ಅದೇ ಬೆಂಚು. ಬಿಸ್ಕತ್ತು ಕಾರ್ಖಾನೆಯಾಕೆ ಈ ಸಲ ತನ್ನ ತಂಗಿಯನ್ನು ಕರೆತಂದಿದ್ದಾಳೆ. ತಂಗಿಯ ಕೈಯಲ್ಲೂ ಅದೇ ಬಗೆಯ ಕೈಚೀಲ, ಅದೇ ತಿರುವುವಿಕೆ. ಇಸ್ತ್ರಿಯವಳು ಆಗಲೇ ಒಳಗೆ ಹೋಗಿ, ಎರಡನೇ ಪರೀಕ್ಷೆ ಮುಗಿಸಿ ಹೊರಗೆ ಬಂದಿದ್ದಾಳೆ. ಏನೂ ಇಲ್ಲ. ಇವತ್ತಿನಿಂದ ಹೊಸ ಪ್ಯಾಕೆಟ್ಟು, ದಿನವೂ, ಒಂದೇ ಹೊತ್ತಿಗೆ. ಸೊಂಟದಲ್ಲಿ ಹೊಸ ಅಂಗಡಿಯ ಬೀಗದ ಕೈ ಗೊಂಚಲು. ನಡೆದಾಗಲೆಲ್ಲ ಬೇಕೆಂದೇ ಸದ್ದು ಮಾಡಿಸುತ್ತಾಳೆ.

ಆಯಾ ನೆಲದಿಂದ ಏಳಲು ಗೋಡೆ ಹಿಡಿದರು. ಮಂಡಿ ಲಟಕ್ಕೆಂದಿತು. ಅರೆಗಳಿಗೆ ಹಾಗೇ ಬಾಗಿ ನಿಂತರು.

"ನಂಗೀಗ ಮಾತ್ರೆ ಕಾಲ ಮುಗೀತು ನೋಡಿ, ಮಂಡಿ ಕಾಲ ಬಂತು," ಎಂದು ನನಗೆ ಸಮಜಾಯಿಷಿ ಕೊಟ್ಟರು. "ಉದ್ದ ಕೋಲಿನ ಮಾಪು ಬರುತ್ತಲ್ಲಮ್ಮ, ನಿಂತ್ಕೊಂಡೇ ಒರೆಸೋದು. ಅದೊಂದು ಇದ್ರೆ ಇನ್ನೂ ಹತ್ತು ವರ್ಷ ಇಲ್ಲೇ ಇರ್ತೀನಿ. ಬೇರೆ ಆಸೆ ಏನಿಲ್ಲ."

"ಡಾಕ್ಟ್ರನ್ನ ಕೇಳಿದ್ರಾ?" ಇಸ್ತ್ರಿಯವಳ ಕಿವಿ ಚುರುಕು.

"ಕೇಳ್ಬೇಕು."

"ಯಾವಾಗಿಂದ ಕೇಳ್ಬೇಕು?"

ಆಯಾ ಬಕೆಟ್ಟಿನ ಕಡೆ ನೋಡಿದರು. "ಹೋದ ವರ್ಷದಿಂದ."

ಇಸ್ತ್ರಿಯವಳು ಅವರ ಭುಜ ಹಿಡಿದು ಬೆಂಚಿನ ಮೇಲೆ ಕೂರಿಸಿದಳು, ಎದುರಿಗೆ ನಿಂತು, ಗಂಟಲಲ್ಲಿ ಕನ್ನಡಕ ಸಿಕ್ಕಿಸಿಕೊಂಡಳು.

"ಹೇಳಮ್ಮ, ಏನು ತೊಂದರೆ? ಬೇಗ ಹೇಳು, ಹೊರಗೆ ಸಾಲಿದೆ."

"ಏನಿಲ್ಲ ಡಾಕ್ಟ್ರೇ," ಎಂದರು ಬಕೆಟ್ ಡಾಕ್ಟ್ರು.

ಬೆಂಚು ಅಲುಗುವಷ್ಟು ನಗು. ಬಿಸ್ಕತ್ತು ಕಾರ್ಖಾನೆಯಾಕೆಯ ತಂಗಿ, ಅಲ್ಲಿಯವರೆಗೆ ತುಟಿ ಬಿಚ್ಚದವಳು, "ಫೇಲು!" ಎಂದಳು. ಮತ್ತೆ ಮಾಡಿಸಿದರು. ಎರಡನೇ ಸಲ ಮಾಪಿನ ಮಾತು ಬಂತು, ಮಂಡಿಯದು ಬರಲಿಲ್ಲ. ಮೂರನೇ ಸಲ ಎರಡೂ ಬಂದವು.

ಅಷ್ಟರಲ್ಲಿ ಒಳಗಿನಿಂದ ನಿಜವಾದ ಗಡಸು ದನಿ ಕೇಳಿತು. "ಮುಂದಿನವರು ಯಾರು?"

ತಂಗಿ ತನ್ನ ಟೋಕನ್ ಬಿಲ್ಲೆಯನ್ನು ಆಯಾ ಅವರ ಒದ್ದೆ ಅಂಗೈಯಲ್ಲಿ ಇಟ್ಟಳು. ದಿನವೂ ಹಂಚುವ ಬಿಲ್ಲೆಯನ್ನು ಅವರು ಮೊದಲ ಬಾರಿ ಕಂಡವರಂತೆ ತಿರುಗಿಸಿ ನೋಡಿದರು. ಕೈ ಒರೆಸಿಕೊಂಡು, ಬಾಗಿಲವರೆಗೆ ಹೋಗಿ, ನನ್ನ ಕಡೆ ತಿರುಗಿದರು.

"ನೋಡಿದ್ರಾ ಅಮ್ಮ," ಎಂದರು, "ನಾನು ಕಲಿಸಿದ್ದು ಸುಳ್ಳಾಗ್ಲಿಲ್ಲ." ಬಾಗಿಲು ತಟ್ಟಿ ಒಳಗೆ ಹೋದರು.