ಹೆಣ್ಣಿನ ಕಡೆಯ ಹಕಮ್

ಆಗ ನಾನು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ, ವಕೀಲರ ಕಚೇರಿಯೊಂದರಲ್ಲಿ ಟೈಪಿಸ್ಟ್. ಅಲ್ಲಿಯ ಕೆಲಸವೆಲ್ಲ ಇಂಗ್ಲಿಷರ ಕಾಮನ್ ಲಾ ಪ್ರಕಾರ ನಡೆಯುವ ವ್ಯಾಪಾರದ ಕೋರ್ಟಿನದು. ಎರಡು ಕಂಪನಿಗಳು ಜಗಳವಾಡಿ ಮಧ್ಯಸ್ಥನನ್ನು ಇಟ್ಟುಕೊಂಡರೆ, ಆತ ಯಾರಿಗೂ ನೆಂಟನಾಗಲಿ ಗೆಳೆಯನಾಗಲಿ ಆಗಿರಬಾರದು. ದೂರದ ಪರಿಚಯವಿದ್ದರೂ ಮೊದಲೇ ಬರೆದು ತಿಳಿಸಬೇಕು. ಅಂಥ ಪತ್ರಗಳನ್ನು ಟೈಪ್ ಮಾಡಿ ಮಾಡಿ ನನಗೆ ಬಾಯಿಪಾಠವಾಗಿತ್ತು.

ಅದೇ ಹೊತ್ತಿಗೆ ಸೇತುವೆಯ ಆಚೆ, ಷರೀಅತ್ ಪ್ರಕಾರ ನಡೆಯುವ ಕೌಟುಂಬಿಕ ಕೋರ್ಟಿನಲ್ಲಿ, ನನ್ನದೇ ವಿಚ್ಛೇದನದ ಅರ್ಜಿ ಇತ್ತು. ಗಂಡ ಹೊಡೆಯುತ್ತಾನೆ ಎಂದು ನಾನು, ಎಲ್ಲ ಸುಳ್ಳು ಎಂದು ಅವನು. ನ್ಯಾಯಾಧೀಶರು ಇಬ್ಬರು ಹಕಮರನ್ನು, ಅಂದರೆ ಪಂಚರನ್ನು ನೇಮಿಸಿದರು. ಒಬ್ಬರು ಗಂಡನ ಮನೆಯವರು, ಒಬ್ಬರು ಹೆಂಡತಿಯ ಮನೆಯವರು. ತಪ್ಪು ಯಾರದು, ಇಬ್ಬರೂ ಇನ್ನು ಒಟ್ಟಿಗೆ ಬಾಳಬಹುದೋ ಇಲ್ಲವೋ ಎಂದು ಅವರು ವರದಿ ಕೊಡಬೇಕು. ಕಚೇರಿಯಲ್ಲಿ ಸಂಬಂಧಿಕನಾದರೆ ಪಂಚನಾಗುವಂತಿಲ್ಲ, ಇಲ್ಲಿ ಸಂಬಂಧಿಕನೇ ಆಗಬೇಕು! ನನಗೆ ನಗು ಬಂತು. ಆಮೇಲೆ ಸಮಾಧಾನವೂ ಆಯಿತು. ನನ್ನವರೊಬ್ಬರು ಒಳಗಿರುತ್ತಾರಲ್ಲ.

ನನ್ನವರು ಎಂದರೆ ದೊಡ್ಡಪ್ಪ, ಮುಸಫ್ಫಾದ ವರ್ಕ್‌ಶಾಪ್ ಒಂದರ ಸ್ಟೋರ್‌ಕೀಪರ್. ಅಪ್ಪನಿಲ್ಲದ ನನ್ನನ್ನು ನಿಕಾಹ್ ಮಾಡಿಕೊಟ್ಟವರು ಅವರೇ. ಏಟು ತಿಂದ ನನ್ನ ಮುಖವನ್ನು ಕಣ್ಣಾರೆ ಕಂಡವರೂ ಅವರೊಬ್ಬರೇ. ಅರ್ಜಿಯಲ್ಲಿ ಸಾಕ್ಷಿ ಎಂದು ಅವರ ಹೆಸರು ಬರೆಯಬಹುದಿತ್ತು. ಅವರ ಮರ್ಯಾದೆ ಹೋಗುತ್ತದೆ ಎಂದು ನಾನು ಬರೆಯಲಿಲ್ಲ. ನ್ಯಾಯವಾಗಿ ನಡೆಯುತ್ತೇನೆ ಎಂದು ಕೋರ್ಟಿನಲ್ಲಿ ಅಲ್ಲಾಹನ ಆಣೆ ಇಟ್ಟಾಗ ಅವರ ಧ್ವನಿ ನಡುಗಿತು.

ಮಾತುಕತೆ ನಡೆದದ್ದು ದುಬೈಯ ಕರಾಮದಲ್ಲಿ, ಗಂಡನ ಅಣ್ಣನ ಫ್ಲಾಟಿನಲ್ಲಿ. ಆ ಅಣ್ಣನೇ ಅವರ ಕಡೆಯ ಹಕಮ್. ದೊಡ್ಡಪ್ಪ ಹಲ್ವದ ಪೆಟ್ಟಿಗೆ ಹಿಡಿದುಕೊಂಡೇ ಬಂದರು. ನಮ್ಮ ಕರಾವಳಿಯಲ್ಲಿ ಹೆಣ್ಣಿನ ಕಡೆಯವರು ಬರಿಗೈಯಲ್ಲಿ ಹೋಗುವುದಿಲ್ಲ, ಅಳಿಯ ನಿಂತಿರುವಾಗ ಕೂತಿರುವುದಿಲ್ಲ, ಗಂಡಿನ ಕಡೆಯವರಿಗೆ ಎದುರಾಡುವುದಿಲ್ಲ. ನನ್ನ ಗಂಡ ಒಳಗೆ ಬಂದದ್ದೇ ತಡ, ಅರವತ್ತು ದಾಟಿದ ದೊಡ್ಡಪ್ಪ ಎದ್ದು ನಿಂತು ಸೋಫಾದಲ್ಲಿ ಜಾಗ ಬಿಟ್ಟುಕೊಟ್ಟರು. ನನ್ನ ಮೈಯೆಲ್ಲ ಉರಿಯಿತು. ಪಂಚಾಯಿತಿಗೆ ಬಂದವರು ಇವರು, ಬೀಗರೂಟಕ್ಕಲ್ಲ!

"ನೀವು ಹೇಗೆ ಹೇಳ್ತೀರೋ ಹಾಗೆ," ಅಂದರು ದೊಡ್ಡಪ್ಪ. ಎರಡನೆಯ ಶುಕ್ರವಾರವೂ ಅದೇ ಮಾತು. ಬಿರಿಯಾನಿ ಚೆನ್ನಾಗಿದೆ ಎಂದು ಹೊಗಳಿ ಬೇರೆ ಬಂದರು.

ಮೂರನೆಯ ಶುಕ್ರವಾರ ವರದಿ ತಯಾರಾಗಿಯೇ ಇತ್ತು. ಗಂಡನ ಅಣ್ಣ ಅದನ್ನು ಗಟ್ಟಿಯಾಗಿ ಓದಿದ. ತಪ್ಪು ಹೆಂಡತಿಯದು, ಆಕೆಗೆ ಸಿಟ್ಟು ಹೆಚ್ಚು, ಗಂಡನ ಮನೆಗೆ ಮರಳಬೇಕು. ಅದರಲ್ಲಿ ಸಿಟ್ಟಿನ ವಿಷಯ ಒಂದು ಮಾತ್ರ ನಿಜ. ಇಬ್ಬರು ಹಕಮರೂ ಒಂದೇ ಮಾತು ಹೇಳಿದರೆ ನ್ಯಾಯಾಧೀಶರು ಬೇರೆ ದಾರಿ ಹುಡುಕುವುದು ಕಷ್ಟ ಎಂದು ನನ್ನ ವಕೀಲೆ ಮೊದಲೇ ಹೇಳಿದ್ದಳು. ದೊಡ್ಡಪ್ಪ ಜೇಬಿನಿಂದ ಪೆನ್ನು ತೆಗೆದರು. ಆ ಮನೆಯ ಬಾಗಿಲು ಹಿಂದಿನಿಂದ ಮುಚ್ಚಿಕೊಳ್ಳುವ ಸದ್ದು ಕೇಳಿದಂತಾಯಿತು.

"ದೊಡ್ಡಪ್ಪ, ಮೂರು ಸಲ ಬಂದ್ರಿ," ಎಂದೆ. "ಒಂದು ಸಲವಾದ್ರೂ ನನ್ನ ಹತ್ರ ಕೇಳಿದ್ರಾ, ಎಂತ ಆಯ್ತು ಮಗಾ ಅಂತ?"

ಹೆಣ್ಣು ಹಾಗೆ ನಡುವೆ ಬಾಯಿ ಹಾಕಿದ್ದು ಯಾರಿಗೂ ಸರಿ ಕಾಣಲಿಲ್ಲ. ಗಂಡ ಸೋಫಾದಿಂದ ಮುಂದಕ್ಕೆ ಬಾಗಿ ನನ್ನನ್ನೇ ನೋಡಿದ. ಆ ನೋಟ ನನಗೆ ಗೊತ್ತು.

"ಸೈನ್ ಮಾಡಿ ಕಾಕಾ, ಖಲಾಸ್," ಎಂದ ಅವನ ಅಣ್ಣ. "ಮನೆ ವಿಷಯ ಮನೆಯಲ್ಲೇ ಇರ್ಲಿ."

ದೊಡ್ಡಪ್ಪ ಕಾಗದವನ್ನೇ ನೋಡುತ್ತಾ ಕೂತರು. ಕೊನೆಗೆ ಪೆನ್ನು ಮುಚ್ಚಿದರು.

"ನಾನು ಆಣೆ ಹಾಕಿ ಬಂದದ್ದು ಮಾರಾಯ," ಎಂದವರೇ ಎದ್ದರು. ಊಟಕ್ಕೆ ನಿಲ್ಲಲಿಲ್ಲ.

ಕೆಳಗೆ ರಸ್ತೆಯಲ್ಲಿ ಅರಬಿಯಲ್ಲಿ ಅರ್ಜಿ ಟೈಪ್ ಮಾಡಿಕೊಡುವ ಅಂಗಡಿಯಿತ್ತು. ತಮ್ಮದೇ ಬೇರೆ ವರದಿ ಬರೆಸಲು ದೊಡ್ಡಪ್ಪ ಸೀದಾ ಅಲ್ಲಿಗೆ ನಡೆದರು. ನನ್ನನ್ನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರಿಸಿ, ಮಲಯಾಳಿ ಟೈಪಿಸ್ಟ್‌ನ ಎದುರು ತಾವು ಕೂತರು.

"ತಪ್ಪು ಯಾರದ್ದು ಅಂತ ಕೇಳಿದ್ದಾರಲ್ಲ, ಅಲ್ಲಿ ಮೊದ್ಲು ನನ್ನ ಹೆಸರು ಹಾಕಿ."

"ಹಕಮಿನ ಹೆಸರು ಅಲ್ಲಿ ಬರುದಿಲ್ಲ ಕಾಕಾ."

"ಹಾಕಿ ನೀವು. ಕಳೆದ ಪೆರ್ನಾಲ್ ಹಬ್ಬದ ದಿನ ಹುಡುಗಿಯ ಕೆನ್ನೆ ಬಾತದ್ದು ನಾನು ಕಂಡಿದ್ದೇನೆ. ಯಾರು ಹೊಡೆದದ್ದು ಅಂತ ಅವಳು ಹೇಳಿದ್ದಾಳೆ. ಹಬ್ಬಕ್ಕೆ ಬಂದವರು ನೋಡ್ತಾರೆ, ಶಾಲು ಸ್ವಲ್ಪ ಮುಂದೆ ಎಳ್ಕೋ ಅಂತ ಹೇಳಿದವ ನಾನು. ಅದನ್ನೂ ಬರೀರಿ."

ಟೈಪಿಸ್ಟ್‌ನ ಬೆರಳು ನಿಂತಿತು. ನಾನು ಗಾಜಿನ ಬಾಗಿಲಿನತ್ತ ಮುಖ ತಿರುಗಿಸಿ ಅತ್ತೆ. ಅಂದು ಆ ಮಾತು ಕೇಳಿ ಶಾಲು ಎಳೆದುಕೊಂಡು ಅವರಿಗೇ ಸೇಮಿಗೆ ಪಾಯಸ ಬಡಿಸಿದ್ದೆ. ಏಟಿಗಿಂತ ಅದೇ ಹೆಚ್ಚು ನೋಯಿಸಿತ್ತು.

ಇಬ್ಬರು ಹಕಮರ ಮಾತು ಕೂಡಲಿಲ್ಲವಾದ್ದರಿಂದ ಕೋರ್ಟು ಮೂರನೆಯವರನ್ನು ನೇಮಿಸಿತು. ಅವರು ದೊಡ್ಡಪ್ಪನ ಕಾಗದ ಮುಂದಿಟ್ಟುಕೊಂಡು ನನ್ನ ಗಂಡನನ್ನು ವಿಚಾರಿಸಿದರು. ಕೆಲವು ವಾರಗಳಲ್ಲಿ ವಿಚ್ಛೇದನದ ತೀರ್ಪು ಬಂತು. ಕೋರ್ಟಿನ ಮೆಟ್ಟಿಲ ಮೇಲಿಂದಲೇ ದೊಡ್ಡಪ್ಪನಿಗೆ ಫೋನ್ ಮಾಡಿದೆ.

"ಅಲ್‌ಹಮ್ದುಲಿಲ್ಲಾಹ್," ಎಂದರು. ಹಿಂದೆ ವರ್ಕ್‌ಶಾಪಿನ ಗದ್ದಲ ಕೇಳುತ್ತಿತ್ತು. "ನನ್ನ ಮೇಲೆ ಕೋಪ ಉಂಟಾ ಮಗಾ?"

"ಉಂಟು," ಎಂದೆ.

"ಇರ್ಬೇಕು," ಎಂದರು ದೊಡ್ಡಪ್ಪ.