ಬಟ್ಟೆ ಎತ್ತಿ ನೋಡಿದ ದೊಡ್ಡ ಸಿಸ್ಟರ್

ಆಪರೇಷನ್ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಸವೆಸಿದ ನರ್ಸನ್ನು ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಡಾಕ್ಟರು ಕೇಳುವ ಮೊದಲೇ ಕತ್ತರಿ ಕೈಗಿಡುವವರು. ಹೊಸಬರಿಗೆ ಅವರ ಮೊದಲ ಪಾಠ ಒಂದೇ:

"ಲಿವರ್ ಅಂದ್ರೆ ಒಲೆ ಮೇಲಿನ ಹಾಲಲ್ಲ ಕಣ್ರೇ, ಉಕ್ಕಿತಾ ಅಂತ ಮುಚ್ಚಳ ಎತ್ತಿ ನೋಡೋಕೆ! ರಕ್ತ ನಿಲ್ಲಿಸೋಕೆ ಒತ್ತಿ ಹಿಡಿದ್ಮೇಲೆ ಗಡಿಯಾರ ನೋಡಿ, ಗಾಯ ನೋಡಬೇಡಿ."

ಮಂಗಳವಾರ ಒಬ್ಬ ಬಡಗಿಗೆ ಬೇರೆಯವರ ಲಿವರ್ ಜೋಡಿಸುತ್ತಿದ್ದರು. ಹೊಸ ಲಿವರಿಗೆ ರಕ್ತ ಹರಿಯಬಿಟ್ಟದ್ದೇ ತಡ, ಅದರ ಹಿಂಬದಿಯ ಸಣ್ಣ ಸೀಳು ಒಸರತೊಡಗಿತು. ದೊಡ್ಡ ಡಾಕ್ಟರು ಅದರ ಮೇಲೆ ಬಟ್ಟೆಯ ಮಡಿಕೆ ಇಟ್ಟು, "ಸಿಸ್ಟರ್, ಹತ್ತು ನಿಮಿಷ ಒತ್ತಿರಿ" ಎಂದು ಪಿತ್ತನಾಳದ ಹೊಲಿಗೆಗೆ ಬಾಗಿದರು.

ಆರು ನಿಮಿಷವಾಯಿತು. ಬೆರಳಿಗೆ ಬಿಸಿ ರಕ್ತ ತಾಗಲಿಲ್ಲ. ನಿಂತಿರಬೇಕು, ಇಷ್ಟು ವರ್ಷದ ಕೈಗೆ ಅಷ್ಟೂ ತಿಳಿಯದೇ ಎಂದುಕೊಂಡು ದೊಡ್ಡ ಸಿಸ್ಟರ್ ಬಟ್ಟೆಯ ಅಂಚನ್ನು ಒಂದಿಷ್ಟೇ ಎತ್ತಿದರು. ಆಗಷ್ಟೇ ಹೆಪ್ಪುಗಟ್ಟಿದ್ದ ರಕ್ತ ಬಟ್ಟೆಗಂಟಿ ಎದ್ದುಬಂತು. ತಟ್ಟನೆ ಮುಚ್ಚಿ, ಕೈ ಸೋತಿದೆ ಎಂದು ನೆಪ ಹೇಳಿ, ಎದುರು ನಿಂತಿದ್ದ ಸಹಾಯಕ ಡಾಕ್ಟರಮ್ಮನ ಕೈಗೆ ಜಾಗ ಬಿಟ್ಟುಕೊಟ್ಟರು. ಮರುಗಳಿಗೆ ಆಕೆಯ ಬೆರಳ ಸಂದಿಯಿಂದ ರಕ್ತ ಉಕ್ಕಿತು.

"ಎತ್ತಿ ನೋಡಿದ್ರಾ? ಹತ್ತು ನಿಮಿಷ ತಾಳ್ಮೆ ಇಲ್ವೇನ್ರೀ ನಿಮಗೆ!" ದೊಡ್ಡ ಡಾಕ್ಟರು ಸಹಾಯಕ ಡಾಕ್ಟರಮ್ಮನ ಮೇಲೆ ಗುಡುಗಿದರು.

"ಇಲ್ಲ ಸರ್, ನಾನು..."

"ಸುಮ್ನಿರಿ. ರಕ್ತದ ಬಾಟಲಿ ತರಿಸಿ."

ಲಿವರಿಗೆ ಬರುವ ರಕ್ತನಾಳವನ್ನು ಕೆಲಹೊತ್ತು ಇಕ್ಕಳದಲ್ಲಿ ಬಿಗಿದು, ಸೀಳನ್ನು ಮೆತ್ತಗೆ ಹೊಲಿದು, ಮತ್ತೆ ಹೊಸದಾಗಿ ಹತ್ತು ನಿಮಿಷ ಒತ್ತಿದ ಮೇಲೆ ರಕ್ತ ನಿಂತಿತು. ಬಡಗಿ ಉಳಿದ. ದೊಡ್ಡ ಸಿಸ್ಟರ್ ಮಾತ್ರ ಬಾಯಿಗೆ ಬೀಗ ಜಡಿದುಕೊಂಡು ಸೂಜಿ ಕೊಡುತ್ತ ನಿಂತಿದ್ದರು.

ಮಾರನೆಯ ದಿನ ಬಡಗಿಯ ಹೆಂಡತಿ ಬಂದು, "ನಿಮ್ಮ ಕೈಗುಣ ಸಿಸ್ಟರಮ್ಮಾ" ಎಂದು ಆ ಕೈಯನ್ನೇ ಕಣ್ಣಿಗೊತ್ತಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಗುರುವಾರ ಬೆಳಿಗ್ಗೆ, ಎಲ್ಲರೂ ಕೈ ತೊಳೆಯುವ ನಲ್ಲಿಗಳ ಮುಂದೆ, ದೊಡ್ಡ ಸಿಸ್ಟರ್ ದೊಡ್ಡ ಡಾಕ್ಟರಿಗೆ ಕೇಳುವಂತೆ ಹೇಳಿಬಿಟ್ಟರು: "ಸರ್, ಮೊನ್ನೆ ಬಟ್ಟೆ ಎತ್ತಿದ್ದು ನಾನು. ಡಾಕ್ಟರಮ್ಮ ಅಲ್ಲ."

ದೊಡ್ಡ ಡಾಕ್ಟರು ಮುಖ ತಿರುಗಿಸಲಿಲ್ಲ. "ಅವರಿಗೆ ಹೇಳಿ, ನನಗಲ್ಲ" ಎಂದರು.

ಸಹಾಯಕ ಡಾಕ್ಟರಮ್ಮ ಸಿಟ್ಟಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆಕೆ ಸೋಪಿನ ಕೈಗಳನ್ನೇ ನೋಡಿಕೊಂಡು, "ನನಗೇ ಗೊತ್ತಿಲ್ದಂಗೆ ಎತ್ತಿಬಿಟ್ನೇನೋ ಅಂದ್ಕೊಂಡಿದ್ದೆ ಸಿಸ್ಟರ್. ಇವತ್ತು ರಾಜೀನಾಮೆ ಬರ್ಕೊಂಡು ಬಂದಿದ್ದೀನಿ" ಎಂದಳು.